ಆಟಕ್ಕುಂಟು, ಲೆಕ್ಕಕ್ಕಿಲ್ಲ: ಎನ್‌ಗೋಲೊ ಕಾಂಟೆ ಕಥೆ

1/10

"ಆಟಕ್ಕುಂಟು, ಲೆಕ್ಕಕ್ಕಿಲ್ಲ." ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಬೀದೀಲಿ ಆಡುವಾಗ ಪಕ್ಕದ ಮನೆ ಪುಟಾಣಿ ಅಳ್ತಾ ಬಂದ್ರೆ ಸೇರಿಸ್ಕೊಳ್ಳೋಕೆ ಇದ್ದ ನಿಯಮ ಅದು. ಓಡಬಹುದು, ಕೂಗಬಹುದು, ಬಾಲ್ ಎತ್ತಿಕೊಡಬಹುದು. ಆದರೆ ಔಟಾದ್ರೂ ಔಟಲ್ಲ, ಹೊಡೆದ್ರೂ ರನ್ನಲ್ಲ.

ಈ ಸಲದ ಸರಣಿ ಒಬ್ಬ ಫ್ರೆಂಚ್ ಮಿಡ್‌ಫೀಲ್ಡರ್ ಬಗ್ಗೆ. ಹೆಸರು ಎನ್‌ಗೋಲೊ ಕಾಂಟೆ. ಮೊದಲು ಅವನ ಕಪಾಟಿನಲ್ಲಿ ಏನೇನಿದೆ ನೋಡಿ. 2016ರಲ್ಲಿ ಲೆಸ್ಟರ್ ಸಿಟಿ ಜೊತೆ ಪ್ರೀಮಿಯರ್ ಲೀಗ್. 2017ರಲ್ಲಿ ಚೆಲ್ಸಿ ಜೊತೆ ಮತ್ತೆ ಪ್ರೀಮಿಯರ್ ಲೀಗ್. 2018ರಲ್ಲಿ ಎಫ್‌ಎ ಕಪ್, ಅದೇ ಬೇಸಿಗೆಯಲ್ಲಿ ವಿಶ್ವಕಪ್. 2019ರಲ್ಲಿ ಯುರೋಪಾ ಲೀಗ್. 2021ರಲ್ಲಿ ಚಾಂಪಿಯನ್ಸ್ ಲೀಗ್. ಆರು ವರ್ಷ, ಆರು ದೊಡ್ಡ ಕಪ್.

ಈಗ ಇನ್ನೊಂದು ಅಂಕಿ ನೋಡಿ. ಲೆಸ್ಟರ್ ಚಾಂಪಿಯನ್ ಆದ ಆ 2015-16ರ ಲೀಗ್‌ನಲ್ಲಿ ಕಾಂಟೆ ಹೊಡೆದ ಗೋಲು ಎಷ್ಟು? ಒಂದು. ಚೆಲ್ಸಿಯಲ್ಲಿ ಏಳು ಸೀಸನ್, 269 ಪಂದ್ಯ, ಗೋಲು 13.

ಅಂದ್ರೆ ಸ್ಕೋರ್‌ಬೋರ್ಡ್ ನೋಡಿ ಇತಿಹಾಸ ಬರೆದರೆ ಈ ಮನುಷ್ಯ ಅದರಲ್ಲಿ ಕಾಣೋದೇ ಇಲ್ಲ. ಹೋದಲ್ಲೆಲ್ಲಾ ಕಪ್ ಬರುತ್ತೆ, ಲೆಕ್ಕದಲ್ಲಿ ಹೆಸರು ಬರಲ್ಲ. ಬಿಕಾಂ ಓದೋ ನಮಗೆ ಇದು ನಿದ್ದೆಗೆಡಿಸೋ ವಿಷಯ. ಎರಡೂ ಕಡೆ ಮೊತ್ತ ಟ್ಯಾಲಿ ಆಗ್ತಿಲ್ಲ ಅಂದ್ರೆ ಎಲ್ಲೋ ಒಂದು ಎಂಟ್ರಿ ಬಿಟ್ಟುಹೋಗಿದೆ ಅಂತಾನೇ ಅರ್ಥ.

ಆ ಎಂಟ್ರಿ ಹುಡುಕೋಣ ಬನ್ನಿ. ಫುಟ್‌ಬಾಲ್ ನೋಡದವರೂ ಓದಿ. ಆಫ್‌ಸೈಡ್ ಅಂದ್ರೇನು ಅಂತ ಗೊತ್ತಿರಬೇಕಾಗಿಲ್ಲ.

2/10

1998ರ ಜುಲೈ 12. ಪ್ಯಾರಿಸ್ ಪಕ್ಕದ ಸೇಂಟ್-ಡೆನಿಯಲ್ಲಿ ವಿಶ್ವಕಪ್ ಫೈನಲ್. ಫ್ರಾನ್ಸ್ 3, ಬ್ರೆಜಿಲ್ 0. ಎರಡು ಗೋಲು ಹೊಡೆದ ಝಿನೆದಿನ್ ಝಿದಾನ್ ರಾತ್ರೋರಾತ್ರಿ ದೇಶಕ್ಕೇ ದೇವರಾದ. ಕಪ್ ಎತ್ತಿದ ಕ್ಯಾಪ್ಟನ್ ಮಾತ್ರ ಬೇರೆ, ದಿದಿಯೆ ದೆಶಾಂ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗ ಕಾಂಟೆಗೆ ಏಳು ವರ್ಷ. ಹುಟ್ಟಿದ್ದು 1991ರ ಮಾರ್ಚ್ 29, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಪಶ್ಚಿಮ ಆಫ್ರಿಕಾದ ಮಾಲಿಯಿಂದ ವಲಸೆ ಬಂದವರು. ಮನೆ ಪ್ಯಾರಿಸ್‌ನ ಪಶ್ಚಿಮಕ್ಕಿರೋ ರುಯೆ-ಮಾಲ್ಮೆಜೋನ್ ಅನ್ನೋ ಊರಲ್ಲಿ. ತುಂಬಾ ಮಕ್ಕಳ ಮನೆ. ಅವನು ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು.

ಎಂಟನೇ ವಯಸ್ಸಿಗೆ ಪಕ್ಕದ ಊರಿನ ಜೆಎಸ್ ಸುರೆನ್ ಅನ್ನೋ ಸಣ್ಣ ಕ್ಲಬ್ ಸೇರಿದ. ಅಲ್ಲೇ ಹತ್ತೊಂಬತ್ತನೇ ವಯಸ್ಸಿನವರೆಗೂ ಇದ್ದ. ಇದು ವಿಚಿತ್ರ ಅಂತ ಯಾಕೆ ಅನ್ನಿಸ್ಬೇಕು ಗೊತ್ತಾ? ಫ್ರಾನ್ಸ್‌ನಲ್ಲಿ ಪ್ರತಿಭೆ ಇರೋ ಹುಡುಗರನ್ನ ಹದಿಮೂರು ಹದಿನಾಲ್ಕಕ್ಕೇ ದೊಡ್ಡ ಕ್ಲಬ್‌ಗಳ ಅಕಾಡೆಮಿಗಳು ಎತ್ತಿಕೊಂಡು ಹೋಗ್ತವೆ. ಹಾಸ್ಟೆಲ್, ಊಟ, ಶಾಲೆ, ತರಬೇತಿ ಎಲ್ಲಾ ಅವರದ್ದೇ. ಪ್ಯಾರಿಸ್ ಸುತ್ತಮುತ್ತಲ ಬಡಾವಣೆಗಳಂತೂ ಫುಟ್‌ಬಾಲ್ ಆಟಗಾರರ ಗಣಿ. ಅಲ್ಲಿ ಬೂಟು ಕಟ್ಟಿಕೊಂಡ ಹುಡುಗನ ಮೇಲೆ ಒಬ್ಬನಾದ್ರೂ ಸ್ಕೌಟ್ ಕಣ್ಣಿಟ್ಟಿರ್ತಾನೆ.

ಕಾಂಟೆಯನ್ನೂ ನೋಡಿದರು. ನೋಡಿ ಬಿಟ್ಟರು. ಕಾರಣ, ಕುಳ್ಳ. ದೊಡ್ಡವನಾದ ಮೇಲೂ ಅವನ ಎತ್ತರ ಐದೂವರೆ ಅಡಿ ಆಸುಪಾಸು, ಹದಿನಾಲ್ಕರಲ್ಲಿ ಎಷ್ಟಿದ್ದಿರಬೇಕು ಯೋಚಿಸಿ. ಅಕಾಡೆಮಿಯವರ ಹಾಳೇಲಿ ಎತ್ತರಕ್ಕೆ ಒಂದು ಕಾಲಂ ಇತ್ತು, ವೇಗಕ್ಕೆ ಒಂದು ಕಾಲಂ ಇತ್ತು. ಎದುರಾಳಿ ಏನು ಮಾಡೋಕೆ ಹೊರಟಿದ್ದಾನೆ ಅನ್ನೋದನ್ನ ಅರ್ಧ ಸೆಕೆಂಡ್ ಮುಂಚೆ ಊಹಿಸೋ ತಲೆಗೆ ಕಾಲಂ ಇರಲಿಲ್ಲ.

ನಮ್ಮ ಡಿಪಾರ್ಟ್‌ಮೆಂಟ್‌ನವರಿಗೆ ಒಂದು ಸಿಹಿ ಸುದ್ದಿ. ಕಾಂಟೆ ಆ ದಿನಗಳಲ್ಲಿ ಓದಿದ್ದು ಅಕೌಂಟಿಂಗ್! ಫುಟ್‌ಬಾಲ್ ಕೈಕೊಟ್ಟರೆ ಇರಲಿ ಅಂತ ಡಿಪ್ಲೊಮಾ ಮಾಡಿಕೊಂಡ. ವಿಶ್ವಕಪ್ ಗೆದ್ದವರಲ್ಲಿ ಡೆಬಿಟ್ ಕ್ರೆಡಿಟ್ ಗೊತ್ತಿರೋನು ಒಬ್ಬನಾದ್ರೂ ಇದ್ದಾನೆ, ಅವನು ನಮ್ಮವನು.

3/10

2010ರಲ್ಲಿ, ಹತ್ತೊಂಬತ್ತಕ್ಕೆ, ಉತ್ತರ ಫ್ರಾನ್ಸ್‌ನ ಸಮುದ್ರ ತೀರದ ಬುಲೋನ್ ಅನ್ನೋ ಊರಿನ ಕ್ಲಬ್ ಅವನನ್ನ ತಗೊಂಡಿತು. ಅದೂ ಮುಖ್ಯ ತಂಡಕ್ಕಲ್ಲ, ಮೀಸಲು ತಂಡಕ್ಕೆ. ಕಾರಿಲ್ಲ. ಕಾಲಲ್ಲಿ ತಳ್ಳೋ ಪುಟ್ಟ ಸ್ಕೂಟರ್ ಮೇಲೆ ಪ್ರಾಕ್ಟೀಸ್‌ಗೆ ಬರ್ತಿದ್ದ ಅಂತ ಆಗಿನವರು ಈಗಲೂ ನೆನೆಸ್ಕೊತಾರೆ.

ಮುಖ್ಯ ತಂಡದಲ್ಲಿ ಮೊದಲ ಸಲ ಕಾಲಿಟ್ಟಿದ್ದು 2012ರ ಮೇ 18ರಂದು, ಎರಡನೇ ದರ್ಜೆ ಲೀಗ್‌ನ ಸೀಸನ್ನಿನ ಕೊನೇ ಪಂದ್ಯ, ಮೊನಾಕೊ ವಿರುದ್ಧ. ಅದೂ ಬದಲಿ ಆಟಗಾರನಾಗಿ, ಕೊನೇ ಹತ್ತು ನಿಮಿಷ ಚಿಲ್ಲರೆ. ಬುಲೋನ್ ಆ ವರ್ಷ ಮೂರನೇ ದರ್ಜೆಗೆ ಬಿತ್ತು.

ಈಗ ಲೆಕ್ಕ ಹಾಕಿ. ಅವನಿಗೆ ಇಪ್ಪತ್ತೊಂದು ತುಂಬಿದೆ, ನಮಗಿಂತ ಒಂದು ವರ್ಷ ದೊಡ್ಡವನು. ಖಾತೆಯಲ್ಲಿ ಹತ್ತು ನಿಮಿಷದ ವೃತ್ತಿಪರ ಫುಟ್‌ಬಾಲ್. ತಂಡ ಮೂರನೇ ದರ್ಜೆಯಲ್ಲಿ. ಆ ವಯಸ್ಸಿಗೆ ಮೆಸ್ಸಿ, ಎಂಬಪ್ಪೆ ಎಲ್ಲಿದ್ದರು ಅನ್ನೋದನ್ನ ನೀವೇ ಗೂಗಲ್ ಮಾಡಿ, ನಾನು ಬರೆದರೆ ನನಗೇ ಹೊಟ್ಟೆ ಉರಿಯುತ್ತೆ.

ಮುಂದಿನ ಸೀಸನ್ 2012-13ರಲ್ಲಿ ಆ ಮೂರನೇ ದರ್ಜೆ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಬಿಟ್ಟು ಎಲ್ಲಾ ಆಡಿದ. 2013ರಲ್ಲಿ ಎರಡನೇ ದರ್ಜೆಯ ಕಾನ್ ಕರೆಯಿತು (ಸಿನಿಮಾ ಹಬ್ಬ ನಡೆಯೋ ಕಾನ್ ಬೇರೆ, ಇದು ನಾರ್ಮಂಡಿಯ ಊರು). ಅಲ್ಲಿ 38ಕ್ಕೆ 38 ಪಂದ್ಯ ಆಡಿದ. ತಂಡ ಮೊದಲ ದರ್ಜೆಗೆ ಏರಿತು. 2014-15ರಲ್ಲಿ ಫ್ರಾನ್ಸ್‌ನ ಮೊದಲ ದರ್ಜೆ ಲೀಗ್‌ನಲ್ಲಿ ಆಡುವಾಗ ಎದುರಾಳಿಯಿಂದ ಚೆಂಡು ವಾಪಸ್ ಪಡೆಯೋದರಲ್ಲಿ ಯುರೋಪಿನ ದೊಡ್ಡ ಲೀಗ್‌ಗಳಲ್ಲೇ ಮುಂಚೂಣಿಯಲ್ಲಿದ್ದ.

ಗಮನಿಸಿ, ಇಲ್ಲಿ ಸಿನಿಮಾ ತಿರುವಿಲ್ಲ. ಒಂದೇ ರಾತ್ರಿಗೆ ಹಣೆಬರಹ ಬದಲಾಯಿಸಿದ ಗೋಲಿಲ್ಲ. ಪ್ರತಿ ವರ್ಷ ಒಂದು ಮೆಟ್ಟಿಲು, ಪ್ರತಿ ವಾರ ಒಂದು ಪಂದ್ಯ. ಅಷ್ಟೇ.

4/10

ಇಲ್ಲಿ ಒಂದು ಸಣ್ಣ ಬ್ರೇಕ್ ತಗೊಂಡು ಹಿಂದಕ್ಕೆ ಹೋಗಲೇಬೇಕು. ಯಾಕಂದ್ರೆ ಕಾಂಟೆ ಮಾಡೋ ಕೆಲಸಕ್ಕೆ ಫ್ರೆಂಚ್ ಫುಟ್‌ಬಾಲ್‌ನಲ್ಲಿ ಮೊದಲೇ ಒಂದು ಹೆಸರಿತ್ತು. ಅದೊಂದು ಬೈಗುಳ.

1996. ಮ್ಯಾಂಚೆಸ್ಟರ್ ಯುನೈಟೆಡ್‌ನ ಸ್ಟಾರ್ ಎರಿಕ್ ಕಾಂಟೊನಾ (ಕಾಂಟೆ ಅಲ್ಲ, ಕಾಂಟೊನಾ. ಇವನು ಕಾಲರ್ ಎತ್ತಿಕೊಂಡು ಆಡ್ತಿದ್ದವನು) ತನ್ನ ದೇಶದವನೇ ಆದ ದೆಶಾಂಗೆ "ನೀರು ಹೊರುವವನು" ಅಂದ. ಅಂಥವರು ಬೀದಿಗೊಬ್ಬರು ಸಿಗ್ತಾರೆ ಅನ್ನೋ ಅರ್ಥದಲ್ಲಿ. ತಮಾಷೆ ಅಂದ್ರೆ ಅದೇ ವರ್ಷ ದೆಶಾಂ ಯುವೆಂಟಸ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದರು. ಎರಡು ವರ್ಷಕ್ಕೆ ವಿಶ್ವಕಪ್ ಎತ್ತಿದರು. ಕಾಂಟೊನಾ ಕೊನೆಗೂ ಒಂದೇ ಒಂದು ವಿಶ್ವಕಪ್ ಪಂದ್ಯ ಆಡಲಿಲ್ಲ.

ಎರಡನೇ ಕಥೆ 2003ರದ್ದು. ರಿಯಲ್ ಮ್ಯಾಡ್ರಿಡ್. ಝಿದಾನ್, ಫಿಗೊ, ರೊನಾಲ್ಡೊ (ಬ್ರೆಜಿಲ್‌ನವನು), ರೌಲ್ ಎಲ್ಲರೂ ಒಂದೇ ತಂಡದಲ್ಲಿ. ಇವರೆಲ್ಲಾ ಮುಂದಕ್ಕೆ ಓಡಿದಾಗ ಹಿಂದೆ ಬಾಗಿಲು ಕಾಯ್ತಿದ್ದವನು ಕ್ಲಾಡ್ ಮಕೆಲೆಲೆ, ಕಿನ್ಶಾಸಾದಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದ ಮಿಡ್‌ಫೀಲ್ಡರ್. ಮೂರು ವರ್ಷದಲ್ಲಿ ಎರಡು ಸ್ಪ್ಯಾನಿಷ್ ಲೀಗ್, ಒಂದು ಚಾಂಪಿಯನ್ಸ್ ಲೀಗ್ ಗೆದ್ದ. ಸಂಬಳ ಮಾತ್ರ ಆ ಸ್ಟಾರ್‌ಗಳ ಮುಂದೆ ಚಿಲ್ಲರೆ. ಹೆಚ್ಚಿಸಿ ಅಂತ ಕೇಳಿದ. ಕ್ಲಬ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಆಗಲ್ಲ ಅಂದರು. ಅದೇ ಬೇಸಿಗೆಯಲ್ಲಿ ಡೇವಿಡ್ ಬೆಕ್‌ಹ್ಯಾಮ್‌ನನ್ನ ಕೊಂಡರು, ಮಕೆಲೆಲೆಯನ್ನ ಸುಮಾರು 1.7 ಕೋಟಿ ಪೌಂಡ್‌ಗೆ ಚೆಲ್ಸಿಗೆ ಮಾರಿದರು. ಎಂಜಿನ್ ಕಿತ್ತುಕೊಟ್ಟು ಕಾರಿಗೆ ಚಿನ್ನದ ಬಣ್ಣ ಬಳಿದ ಹಾಗೆ ಅನ್ನೋ ಅರ್ಥದ ಮಾತೊಂದು ಆಗ ಝಿದಾನ್ ಹೆಸರಲ್ಲಿ ಹರಿದಾಡಿತು.

ಮುಂದಿನ ಮೂರು ಸೀಸನ್ ರಿಯಲ್ ಮ್ಯಾಡ್ರಿಡ್‌ಗೆ ಲೀಗ್ ಇಲ್ಲ, ಚಾಂಪಿಯನ್ಸ್ ಲೀಗ್ ಇಲ್ಲ. ಚೆಲ್ಸಿ 2005 ಮತ್ತು 2006ರಲ್ಲಿ ಸತತ ಎರಡು ಲೀಗ್ ಗೆದ್ದಿತು. ಆ ಸ್ಥಾನಕ್ಕೆ ಇಂಗ್ಲೆಂಡ್‌ನಲ್ಲಿ "ಮಕೆಲೆಲೆ ರೋಲ್" ಅಂತಲೇ ಹೆಸರು ಬಿತ್ತು.

ಒಬ್ಬನಿಗೆ ಬೈಗುಳ ಸಿಕ್ಕಿತು, ಇನ್ನೊಬ್ಬನಿಗೆ ಸಂಬಳ ಸಿಗಲಿಲ್ಲ. ಕಾಂಟೆಗೆ ಬಂದ ಆಸ್ತಿ ಇದು.

5/10

2015ರ ಆಗಸ್ಟ್. ಲೆಸ್ಟರ್ ಸಿಟಿ. ಹಿಂದಿನ ಸೀಸನ್ನಿನ ಕ್ರಿಸ್ಮಸ್ ಹೊತ್ತಿಗೆ ಪ್ರೀಮಿಯರ್ ಲೀಗ್‌ನ ಕೊನೇ ಸ್ಥಾನದಲ್ಲಿದ್ದು, ಹೇಗೋ ಒದ್ದಾಡಿ 14ಕ್ಕೆ ಬಂದು ಉಳಿದುಕೊಂಡ ತಂಡ. ಹೊಸ ಕೋಚ್ ಕ್ಲಾಡಿಯೊ ರನಿಯೇರಿ. ಈ ತಂಡ ಚಾಂಪಿಯನ್ ಆಗುತ್ತೆ ಅಂತ ಬಾಜಿ ಕಟ್ಟಿದರೆ ಒಂದಕ್ಕೆ ಐದು ಸಾವಿರ ಕೊಡ್ತೀವಿ ಅಂತ ಬುಕ್ಕಿಗಳು ಹೇಳಿದ್ದರು. ಆಗಲ್ಲ ಅನ್ನೋ ಧೈರ್ಯ.

ಲೆಸ್ಟರ್‌ಗೆ ಆಟಗಾರರನ್ನ ಹುಡುಕ್ತಿದ್ದವರು ಸ್ಟೀವ್ ವಾಲ್ಶ್ ಮತ್ತು ಅವರ ತಂಡ. ದೊಡ್ಡ ಕ್ಲಬ್‌ಗಳ ಜೊತೆ ದುಡ್ಡಲ್ಲಿ ಪೈಪೋಟಿ ಮಾಡೋಕಾಗಲ್ಲ. ಹಾಗಾಗಿ ಬೇರೆಯವರು ಓದದ ಕಾಲಂಗಳನ್ನ ಓದ್ತಿದ್ದರು. ಯಾರು ಎಷ್ಟು ಸಲ ಚೆಂಡು ಕಿತ್ತುಕೊಂಡ, ಎಲ್ಲಿ ಕಿತ್ತುಕೊಂಡ, ಕಿತ್ತುಕೊಂಡ ಮೇಲೆ ಏನು ಮಾಡಿದ. ಆ ಕಾಲಂಗಳಲ್ಲಿ ಕಾನ್‌ನ ಕುಳ್ಳ ಹುಡುಗ ಮೇಲೇ ಇದ್ದ. ರನಿಯೇರಿಗೆ ಮೊದಲು ಅನುಮಾನ, ಇಷ್ಟು ಸಣ್ಣವನು ಇಂಗ್ಲೆಂಡ್‌ನಲ್ಲಿ ಬಾಳ್ತಾನಾ ಅಂತ. ವಾಲ್ಶ್ ಬಿಡದೆ ಅದೇ ಹೆಸರು ಹೇಳ್ತಾ ಹೋದರು. ವರದಿಯಾದ ಬೆಲೆ 56 ಲಕ್ಷ ಪೌಂಡ್, ನಾಲ್ಕು ವರ್ಷದ ಒಪ್ಪಂದ.

ಸೀಸನ್ ಮುಗಿದಾಗ ಲೆಸ್ಟರ್ 81 ಪಾಯಿಂಟ್, ಎರಡನೇ ಸ್ಥಾನದ ಆರ್ಸೆನಲ್ 71. ಐದು ಸಾವಿರಕ್ಕೊಂದು ನಿಜವಾಯ್ತು. ಕಾಂಟೆ 175 ಟ್ಯಾಕಲ್, 156 ಇಂಟರ್ಸೆಪ್ಷನ್. ಎರಡರಲ್ಲೂ ಇಡೀ ಲೀಗ್‌ಗೆ ಮೊದಲಿಗ. ಆಗ ವಾಲ್ಶ್ ಹೇಳ್ತಿದ್ದ ಜೋಕ್ ಈಗ ಫುಟ್‌ಬಾಲ್ ಜಾನಪದ. ನಮ್ಮ ಮಿಡ್‌ಫೀಲ್ಡ್‌ನಲ್ಲಿ ಇಬ್ಬರು ಅಂದ್ಕೋತೀರಾ? ಮಧ್ಯದಲ್ಲಿ ಡ್ರಿಂಕ್‌ವಾಟರ್, ಅವನ ಆ ಕಡೆ ಕಾಂಟೆ, ಈ ಕಡೆ ಕಾಂಟೆ.

ಪ್ರಶಸ್ತಿಗಳು ಯಾರಿಗೆ ಹೋದವು? ಆಟಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ರಿಯಾದ್ ಮಹ್ರೆಝ್‌ಗೆ. ಪತ್ರಕರ್ತರ ಪ್ರಶಸ್ತಿ ಜೇಮಿ ವಾರ್ಡಿಗೆ. ಇಬ್ಬರೂ ಲೆಸ್ಟರ್‌ನವರೇ, ಇಬ್ಬರೂ ಅರ್ಹರೇ, ಇಬ್ಬರೂ ಗೋಲು ಹೊಡೆದವರೇ. ಕಾಂಟೆ ಎಷ್ಟು ಮುಖ್ಯ ಅಂತ ಜಗತ್ತಿಗೆ ಪೂರ್ತಿ ಗೊತ್ತಾಗಿದ್ದು ಅವನು ಲೆಸ್ಟರ್ ಬಿಟ್ಟ ಮೇಲೆ.

6/10

ಈಗ ನಮ್ಮ ಸಬ್ಜೆಕ್ಟ್. ಪೆನ್ ತಗೊಳ್ಳಿ.

ಕ್ಲಬ್ ಒಬ್ಬ ಆಟಗಾರನನ್ನ ಕೊಂಡಾಗ ಆ ಮೊತ್ತವನ್ನ ಅದೇ ವರ್ಷದ ಖರ್ಚು ಅಂತ ಬರೆಯಲ್ಲ. ಆಟಗಾರನ ಮೇಲಿನ ಹಕ್ಕನ್ನ ಇಂಟ್ಯಾಂಜಿಬಲ್ ಅಸೆಟ್ ಅಂತ ಬ್ಯಾಲೆನ್ಸ್ ಶೀಟ್‌ಗೆ ಹಾಕ್ತಾರೆ. ಆಮೇಲೆ ಒಪ್ಪಂದ ಎಷ್ಟು ವರ್ಷವೋ ಅಷ್ಟು ವರ್ಷಕ್ಕೆ ಸಮವಾಗಿ ಹಂಚಿ ಸವಕಳಿ ಥರ ಕಳೀತಾರೆ. ಅದಕ್ಕೆ ಅಮಾರ್ಟೈಸೇಷನ್ ಅಂತಾರೆ, ನಮಗೆಲ್ಲಾ ಗೊತ್ತು (ಗೊತ್ತಿಲ್ಲದವರು ಇಂಟರ್ನಲ್ಸ್ ಮುಂಚೆ ಗೊತ್ತು ಮಾಡ್ಕೊಳ್ಳಿ).

ಕಾಂಟೆ ಬೆಲೆ 56 ಲಕ್ಷ, ನಾಲ್ಕು ವರ್ಷ. ವರ್ಷಕ್ಕೆ 14 ಲಕ್ಷ. ಒಂದು ಸೀಸನ್ ಆದ ಮೇಲೆ ಪುಸ್ತಕದಲ್ಲಿ ಉಳಿದ ಮೌಲ್ಯ 42 ಲಕ್ಷ ಪೌಂಡ್. ಅಂದ್ರೆ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಚೆಂಡು ಕಿತ್ತು ತಂಡವನ್ನ ಚಾಂಪಿಯನ್ ಮಾಡಿದವನ ಬೆಲೆ ಪುಸ್ತಕದ ಪ್ರಕಾರ ಕಮ್ಮಿ ಆಗಿದೆ! 2016ರ ಜುಲೈನಲ್ಲಿ ಚೆಲ್ಸಿ ಸುಮಾರು 3.2 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಲೆಸ್ಟರ್‌ಗೆ ಲಾಭ ಹೆಚ್ಚುಕಮ್ಮಿ 2 ಕೋಟಿ 78 ಲಕ್ಷ. ಪುಸ್ತಕದ ಪ್ರಕಾರ ಅದ್ಭುತ ವ್ಯಾಪಾರ.

ಮೈದಾನದ ಪ್ರಕಾರ? ಲೆಸ್ಟರ್ 81 ಪಾಯಿಂಟ್‌ನಿಂದ 44ಕ್ಕೆ ಬಂತು, 12ನೇ ಸ್ಥಾನ. ರನಿಯೇರಿಯವರನ್ನ 2017ರ ಫೆಬ್ರವರಿಯಲ್ಲೇ ಮನೆಗೆ ಕಳಿಸಿದರು, ಆಗ ತಂಡ 17ರಲ್ಲಿತ್ತು. ಚೆಲ್ಸಿ 50 ಪಾಯಿಂಟ್‌ನಿಂದ 93ಕ್ಕೆ ಹೋಯ್ತು. 10ನೇ ಸ್ಥಾನದಿಂದ ಚಾಂಪಿಯನ್.

ಇದೆಲ್ಲಾ ಒಬ್ಬನಿಂದಲೇ ಆಯ್ತು ಅಂದ್ರೆ ಸುಳ್ಳು. ಲೆಸ್ಟರ್ ಆ ವರ್ಷ ಚಾಂಪಿಯನ್ಸ್ ಲೀಗ್ ಕೂಡ ಆಡಿ ಸುಸ್ತಾಗಿತ್ತು, ಕ್ವಾರ್ಟರ್ ಫೈನಲ್‌ವರೆಗೂ ಹೋಯ್ತು. ಚೆಲ್ಸಿಗೆ ಯುರೋಪಿನ ಪಂದ್ಯಗಳೇ ಇರಲಿಲ್ಲ, ಜೊತೆಗೆ ಆಂಟೋನಿಯೊ ಕೊಂಟೆ ಅನ್ನೋ ಹೊಸ ಕೋಚ್, ಹೊಸ ವ್ಯೂಹ. 2003ರ ಮ್ಯಾಡ್ರಿಡ್‌ನಲ್ಲೂ ಮಕೆಲೆಲೆ ಒಬ್ಬನೇ ಹೋಗಿದ್ದಲ್ಲ, ಕೋಚ್ ಡೆಲ್ ಬೊಸ್ಕೆಯವರನ್ನೂ ಬಿಟ್ಟಿದ್ದರು. ಆದರೆ ಇಷ್ಟನ್ನೂ ಕಳೆದ ಮೇಲೂ ಒಂದು ದೊಡ್ಡ ಮೊತ್ತ ಉಳಿಯುತ್ತೆ. ಆ ಮೊತ್ತಕ್ಕೆ ಖಾತೆಯ ಹೆಸರಿಲ್ಲ.

2017ರಲ್ಲಿ ಎರಡೂ ಪ್ರಶಸ್ತಿ, ಆಟಗಾರರದ್ದೂ ಪತ್ರಕರ್ತರದ್ದೂ, ಕಾಂಟೆಗೇ ಬಂದವು. ಆಟಗಾರರ ಪ್ರಶಸ್ತಿಗೆ ವೋಟ್ ಹಾಕೋರು ಎದುರು ನಿಂತು ಆಡಿದವರು, ಚೆಂಡು ಕಳ್ಕೊಂಡವರಿಗೆ ಚೆನ್ನಾಗಿ ನೆನಪಿರುತ್ತೆ. ಎರಡು ಬೇರೆ ಕ್ಲಬ್‌ಗಳಿಗೆ ಆಡಿ ಸತತ ಎರಡು ವರ್ಷ ಇಂಗ್ಲಿಷ್ ಲೀಗ್ ಗೆದ್ದ ಮೈದಾನದ ಆಟಗಾರ ಅವನಿಗಿಂತ ಮುಂಚೆ ಯಾರು ಗೊತ್ತಾ? 1992ರಲ್ಲಿ ಲೀಡ್ಸ್, 1993ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. ಎರಿಕ್ ಕಾಂಟೊನಾ! ನೀರು ಹೊರುವವನು ಅಂತ ನಕ್ಕವನ ದಾಖಲೆ ಪಕ್ಕದಲ್ಲಿ ಒಬ್ಬ ನೀರು ಹೊರುವವನೇ ಬಂದು ನಿಂತ.

7/10

ಹಾಗಾದ್ರೆ ಅವನು ಮಾಡೋದಾದ್ರೂ ಏನು? ಕ್ರಿಕೆಟ್ ಭಾಷೇಲಿ ಹೇಳ್ತೀನಿ. ಪಾಯಿಂಟ್‌ನಲ್ಲಿ ನಿಂತವನು ಡೈವ್ ಹೊಡೆದು ಬೌಂಡರಿ ತಡೆದರೆ ಕ್ಯಾಮೆರಾ ತೋರಿಸುತ್ತೆ. ಆದರೆ ಬೌಲರ್ ಕೈ ಬಿಡೋ ಮುಂಚೆ ಬ್ಯಾಟ್ಸ್‌ಮನ್ ಪಾದ ನೋಡಿ ಎರಡು ಹೆಜ್ಜೆ ಎಡಕ್ಕೆ ಸರಿದವನಿಗೆ ಡೈವ್ ಹೊಡೆಯೋ ಅಗತ್ಯವೇ ಬರಲ್ಲ. ಚೆಂಡು ನೇರ ಕೈಗೆ ಬರುತ್ತೆ. ನೋಡೋರು ಅದನ್ನ ಸುಲಭದ ಬಾಲ್ ಅಂತಾರೆ.

ಟ್ಯಾಕಲ್ ಅಂದ್ರೆ ಎದುರಾಳಿ ಕಾಲಲ್ಲಿರೋ ಚೆಂಡನ್ನ ಕಿತ್ತುಕೊಳ್ಳೋದು. ಇಂಟರ್ಸೆಪ್ಷನ್ ಅಂದ್ರೆ ಅವನು ಕೊಡೋ ಪಾಸ್ ಮಧ್ಯದಲ್ಲೇ ಹಿಡಿಯೋದು. ಮೊದಲನೆಯದು ಕಾಲಿನ ಕೆಲಸ, ಎರಡನೆಯದು ತಲೆಯ ಕೆಲಸ. ಎರಡರಲ್ಲೂ ಒಂದೇ ಸೀಸನ್ ಮೊದಲಿಗನಾಗೋದು ಕಷ್ಟ, ಯಾಕಂದ್ರೆ ಒಂದಕ್ಕೆ ಹತ್ತಿರ ಹೋಗಬೇಕು, ಇನ್ನೊಂದಕ್ಕೆ ದೂರ ನಿಂತು ಕಾಯಬೇಕು.

ಬರೀ ಕಾವಲುಗಾರ ಅಂದ್ಕೊಂಡ್ರೂ ತಪ್ಪಾಗುತ್ತೆ. ಮಕೆಲೆಲೆ ರಕ್ಷಣಾ ಸಾಲಿನ ಮುಂದೆ ಬೇರು ಬಿಟ್ಟ ಮರದ ಥರ ನಿಲ್ತಿದ್ದ. ಕಾಂಟೆ ನಿಲ್ಲೋದೇ ಇಲ್ಲ. ಚೆಂಡು ಸಿಕ್ಕ ತಕ್ಷಣ ತಾನೇ ಹೊತ್ಕೊಂಡು ಮುಂದಕ್ಕೆ ಓಡ್ತಾನೆ. 2016ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 4-0 ಗೆಲುವಿನ ನಾಲ್ಕನೇ ಗೋಲು ಅವನದ್ದೇ. 2018-19ರಲ್ಲಿ ಕೋಚ್ ಮೌರಿಜಿಯೊ ಸಾರ್ರಿ ಮಧ್ಯದಲ್ಲಿ ಜೋರ್ಜಿನೊನನ್ನ ನಿಲ್ಲಿಸಿ ಕಾಂಟೆಯನ್ನ ಬಲಕ್ಕೆ, ಮುಂದಕ್ಕೆ ಕಳಿಸಿದಾಗ ಇಂಗ್ಲೆಂಡ್‌ನ ಟಿವಿ ಪಂಡಿತರೆಲ್ಲಾ ಬೊಬ್ಬೆ ಹೊಡೆದರು. ಆ ಸೀಸನ್ ಚೆಲ್ಸಿ ಮೂರನೇ ಸ್ಥಾನ, ಜೊತೆಗೆ ಯುರೋಪಾ ಲೀಗ್ ಕಪ್.

ಒಬ್ಬ ಮನುಷ್ಯನಿಗೆ "ಅವನ ಕೆಲಸ ಇಷ್ಟೇ" ಅಂತ ಚೀಟಿ ಅಂಟಿಸೋದು ಬೇರೆಯವರಿಗೆ ಎಷ್ಟು ಆರಾಮ ನೋಡಿ. ಮೊದಲು ಕುಳ್ಳ ಅಂದರು, ಆಮೇಲೆ ಬರೀ ಓಡ್ತಾನೆ ಅಂದರು. ಪ್ರತಿ ಚೀಟಿಯನ್ನೂ ಅವನು ಜಗಳವಾಡದೆ ಕಿತ್ತು ಹಾಕಿದ.

8/10

ಫ್ರಾನ್ಸ್ ತಂಡಕ್ಕೆ ಕಾಂಟೆಯನ್ನ ಮೊದಲ ಸಲ ಆರಿಸಿದ್ದು 2016ರ ಮಾರ್ಚ್‌ನಲ್ಲಿ. ಎರಡನೇ ಪಂದ್ಯ ರಷ್ಯಾ ವಿರುದ್ಧ, ಅವನ 25ನೇ ಹುಟ್ಟುಹಬ್ಬದ ದಿನ. ಆವತ್ತೇ ದೇಶಕ್ಕಾಗಿ ಮೊದಲ ಗೋಲು. ಆರಿಸಿದ ಕೋಚ್ ಯಾರು? ನೆನಪಿಟ್ಕೊಳ್ಳಿ ಅಂದಿದ್ನಲ್ಲ, ದಿದಿಯೆ ದೆಶಾಂ. ನೀರು ಹೊರೋದು ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು.

2018, ರಷ್ಯಾ ವಿಶ್ವಕಪ್. ಫ್ರಾನ್ಸ್ ಆಡಿದ ಏಳು ಪಂದ್ಯಕ್ಕೂ ಕಾಂಟೆ ಮೊದಲ ಹನ್ನೊಂದರಲ್ಲಿದ್ದ. ಜೂನ್ 30, ಕಝಾನ್‌ನಲ್ಲಿ ಅರ್ಜೆಂಟೀನಾ ವಿರುದ್ಧ 4-3. ಎಲ್ಲರಿಗೂ ನೆನಪಿರೋದು ಹತ್ತೊಂಬತ್ತರ ಹುಡುಗ ಎಂಬಪ್ಪೆಯ ಓಟ. ಎಂಬಪ್ಪೆಗೆ ಓಡೋಕೆ ಜಾಗ ಬೇಕು ಅಂದ್ರೆ ಹಿಂದೆ ಯಾರೋ ಚೆಂಡು ಕಿತ್ತುಕೊಡಬೇಕು, ಮೆಸ್ಸಿಗೆ ಜಾಗ ಸಿಗದ ಹಾಗೆ ನೋಡ್ಕೋಬೇಕು. ಗೆದ್ದ ಮೇಲೆ ತಂಡದವರು ಕಾಂಟೆ ಮೇಲೆ ಒಂದು ಹಾಡನ್ನೇ ಕಟ್ಟಿದರು, ಮೆಸ್ಸಿಯನ್ನ ನಿಲ್ಲಿಸಿದ ಕುಳ್ಳ ಅಂತ. ಇಡೀ ಫ್ರಾನ್ಸ್ ಹಾಡಿತು.

ಆದರೆ ಜುಲೈ 15ರ ಮಾಸ್ಕೋ ಫೈನಲ್? ಅದು ಆ ಟೂರ್ನಿಯಲ್ಲಿ ಅವನ ಅತಿ ಕೆಟ್ಟ ಪಂದ್ಯ. ಹೊಟ್ಟೆ ಸರಿಯಿರಲಿಲ್ಲ ಅಂತ ಆಮೇಲೆ ವರದಿಯಾಯ್ತು. ಹಳದಿ ಕಾರ್ಡ್ ಬೇರೆ ಸಿಕ್ಕಿತ್ತು. 55ನೇ ನಿಮಿಷಕ್ಕೆ ದೆಶಾಂ ಅವನನ್ನ ಹೊರಗೆ ಕರೆದು ಎತ್ತರದ ಸ್ಟೀವನ್ ಎನ್‌ಜೋನ್ಜಿಯನ್ನ ಕಳಿಸಿದರು. ಆಗ ಸ್ಕೋರ್ 2-1. ಕೊನೆಗೆ 4-2, ಫ್ರಾನ್ಸ್ ವಿಶ್ವ ಚಾಂಪಿಯನ್. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಮೂರನೇ ವ್ಯಕ್ತಿ ದೆಶಾಂ, ಝಗಾಲೊ ಮತ್ತು ಬೆಕೆನ್‌ಬಾವರ್ ನಂತರ.

ಈ ಫೈನಲ್ ವಿಷಯ ಬಿಟ್ಟು ಬರೆಯೋರು ಜಾಸ್ತಿ, ಕಥೆ ಕೆಡುತ್ತೆ ಅಂತ. ನನಗೆ ಅದೇ ಇಷ್ಟ. ಆರು ಪಂದ್ಯ ಬೇರೆಯವರ ಭಾರ ಹೊತ್ತವನಿಗೆ ಏಳನೇ ದಿನ ಮೈ ಸರಿಯಿಲ್ಲದಾಗ ಬೇರೆಯವರು ಹೊತ್ತರು. ಅದಕ್ಕೇ ತಾನೇ ತಂಡ ಅನ್ನೋದು. ಕಪ್ ಕೈಗೆ ತಗೊಳ್ಳೋಕೂ ಅವನು ನಾಚಿಕೊಂಡು ನಿಂತಿದ್ದ, ಜೊತೆಗಾರರೇ ತಂದು ಕೊಟ್ಟರು ಅಂತ ಆಮೇಲೆ ತಂಡದವರು ಹೇಳಿದರು. ಕಪ್ ಹಿಡಿದು ನಗ್ತಿರೋ ಆ ಫೋಟೋ ನೋಡದವರು ಯಾರು!

9/10

ಆ ನಗುವಿನ ಬಗ್ಗೆಯೇ ಒಂದು ತಕರಾರು ಇದೆ.

ರೀಲ್ಸ್‌ನಲ್ಲಿ ಕಾಂಟೆ ಅಂದ್ರೆ ಬರೀ ವಿನಯ. ಸಣ್ಣ ಕಾರು, ನಾಚಿಕೆ, ಮುಗುಳ್ನಗೆ. "ಇಷ್ಟು ದೊಡ್ಡವನಾದ್ರೂ ಎಷ್ಟು ಸಿಂಪಲ್" ಅಂತ ಹಾರ್ಟ್ ಒತ್ತಿ ಮುಂದೆ ಹೋಗ್ತೀವಿ. ವಿನಯ ನಿಜವೇ ಇರಬಹುದು. ಆದರೆ ಅದನ್ನೇ ದೊಡ್ಡದು ಮಾಡಿದ್ರೆ ಒಂದು ಅಪಾಯಕಾರಿ ಪಾಠ ಕಲೀತೀವಿ. ಸುಮ್ಮನೆ ದುಡಿ, ಕೇಳಬೇಡ, ಎಲ್ಲಾ ತಾನಾಗೇ ಬರುತ್ತೆ ಅಂತ. ಮಾಲೀಕರಿಗೆ ಇದಕ್ಕಿಂತ ಇಷ್ಟವಾದ ಪಾಠ ಇನ್ನೊಂದಿಲ್ಲ.

ಇತಿಹಾಸ ಹಾಗೆ ಹೇಳಲ್ಲ. ಮಕೆಲೆಲೆ ಬಾಯಿಬಿಟ್ಟು ಕೇಳಿದ. ಕೊಡದಿದ್ದಾಗ ಹೋದ. ಅವನು ಹೋದ ಜಾಗದಲ್ಲಿ ಕಂಡ ಗುಂಡಿಯಿಂದಲೇ ಜಗತ್ತು ಆ ಕೆಲಸದ ಬೆಲೆ ಕಲಿತದ್ದು. ಅದಾಗಿ ಹದಿನೈದು ವರ್ಷಕ್ಕೆ, 2018ರ ನವೆಂಬರ್‌ನಲ್ಲಿ, ಅದೇ ಚೆಲ್ಸಿ ಕಾಂಟೆಗೆ ಹೊಸ ಐದು ವರ್ಷದ ಒಪ್ಪಂದ ಕೊಟ್ಟಾಗ ಅವನು ಕ್ಲಬ್‌ನಲ್ಲಿ ಅತಿ ಹೆಚ್ಚು ಸಂಬಳದವರ ಸಾಲಿಗೆ ಸೇರಿದ. ನೀರು ಹೊರುವವನಿಗೆ ಸ್ಟಾರ್ ಸಂಬಳ. ಇದು ವಿನಯದಿಂದ ಬಂದದ್ದಲ್ಲ, ಯಾರೋ ಮುಂಚೆ ಕೇಳಿದ್ದರಿಂದ, ಯಾರೋ ಹೊಸ ಕಾಲಂ ಬರೆದು ಎಣಿಸಿದ್ದರಿಂದ ಬಂದದ್ದು.

ಇನ್ನು ಅಕೌಂಟಿಂಗ್ ಓದಿದವನ ಇನ್ನೊಂದು ಮುಖ. 2018ರ ಕೊನೆಯಲ್ಲಿ ಫುಟ್‌ಬಾಲ್ ಲೀಕ್ಸ್ ದಾಖಲೆಗಳ ಮೇಲೆ ಬಂದ ವರದಿಗಳ ಪ್ರಕಾರ, ಅವನ ಸಂಭಾವನೆಯ ಒಂದು ಭಾಗವನ್ನ ಜೆರ್ಸಿ ಅನ್ನೋ ತೆರಿಗೆ ಕಮ್ಮಿ ಇರೋ ದ್ವೀಪದ ಕಂಪನಿ ಮೂಲಕ ಕೊಡೋ ಪ್ರಸ್ತಾಪ ಇತ್ತು. ಆಟಗಾರರ ಲೋಕದಲ್ಲಿ ಇದು ಮಾಮೂಲು. ಮುಂದೆ ತೆರಿಗೆ ಇಲಾಖೆ ಪ್ರಶ್ನೆ ಮಾಡಬಹುದು ಅಂತ ಅವನು ಕೊನೆಗೆ ಒಪ್ಪಲಿಲ್ಲ, ನೇರವಾಗಿ ಸಂಬಳವೇ ಸಾಕು ಅಂದ. ಬರಬೇಕಾದ್ದು ಪೂರ್ತಿ ತಗೋ, ಕಟ್ಟಬೇಕಾದ್ದು ಪೂರ್ತಿ ಕಟ್ಟು. ವಿನಯಕ್ಕಿಂತ ಇದು ದೊಡ್ಡದು ಅಂತ ನನಗನ್ನಿಸುತ್ತೆ. ಇದಕ್ಕೆ ರೀಲ್ ಮಾಡೋದು ಕಷ್ಟ, ಅಷ್ಟೇ.

ಮುಂದೆ 2021. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎದುರಾಳಿ ರಿಯಲ್ ಮ್ಯಾಡ್ರಿಡ್. ಎರಡೂ ಪಂದ್ಯದಲ್ಲಿ ಪಂದ್ಯಶ್ರೇಷ್ಠ ಕಾಂಟೆ. ಮೇ 29, ಪೋರ್ಟೊದಲ್ಲಿ ಫೈನಲ್, ಎದುರಾಳಿ ಮ್ಯಾಂಚೆಸ್ಟರ್ ಸಿಟಿ. ಸಿಟಿ ಕೋಚ್ ಪೆಪ್ ಗ್ವಾರ್ಡಿಯೊಲಾ ಆ ದಿನ ಒಂದು ನಿರ್ಧಾರ ಮಾಡಿದರು. ರಕ್ಷಣೆಯ ಮುಂದೆ ನಿಲ್ಲೋ ಮಿಡ್‌ಫೀಲ್ಡರ್‌ಗಳಾದ ರೊಡ್ರಿ, ಫೆರ್ನಾಂಡಿನೊ ಇಬ್ಬರನ್ನೂ ಮೊದಲ ಹನ್ನೊಂದರಿಂದ ಬಿಟ್ಟರು. ಆ ಸೀಸನ್ ಹೆಚ್ಚುಕಮ್ಮಿ ಪ್ರತಿ ಪಂದ್ಯದಲ್ಲೂ ಇಬ್ಬರಲ್ಲಿ ಒಬ್ಬರಾದ್ರೂ ಇರ್ತಿದ್ದರು. ಜಗತ್ತಿನ ಅತಿ ಬುದ್ಧಿವಂತ ಕೋಚ್ ಅತಿ ದೊಡ್ಡ ರಾತ್ರಿ ನೀರು ಹೊರುವವನಿಲ್ಲದೆ ತಂಡ ಕಳಿಸಿದರು. ಎದುರುಗಡೆ ಕಾಂಟೆ ಇದ್ದ. 1-0. ಗೋಲು ಹಾವರ್ಟ್ಜ್‌ನದ್ದು, ಪಂದ್ಯಶ್ರೇಷ್ಠ ಮತ್ತೆ ಕಾಂಟೆ. ಆ ವರ್ಷದ ಬ್ಯಾಲನ್ ಡಿ'ಓರ್ ಪಟ್ಟಿಯಲ್ಲಿ ಐದನೇ ಸ್ಥಾನ.

10/10

ಕೊನೇ ಭಾಗ ಸ್ವಲ್ಪ ನೋವಿನದು. ಓಡೋನಿಗೆ ಕಾಲೇ ಬಂಡವಾಳ. 2022ರ ಆಗಸ್ಟ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯುವಿಗೆ ಏಟು ಬಿತ್ತು, ಆಪರೇಷನ್ ಆಯ್ತು. ಕತಾರ್ ವಿಶ್ವಕಪ್ ತಪ್ಪಿತು. ಅಲ್ಲಿ ಫ್ರಾನ್ಸ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತಿತು. 2023ರಲ್ಲಿ ಒಪ್ಪಂದ ಮುಗಿಯಿತು. ಪುಸ್ತಕ ಮೌಲ್ಯ ಸೊನ್ನೆ. ಚೆಲ್ಸಿಗೆ ಒಂದು ಪೌಂಡ್ ಕೂಡ ಬರದೆ ಅವನು ಸೌದಿ ಅರೇಬಿಯಾದ ಅಲ್-ಇತ್ತಿಹಾದ್‌ಗೆ ಹೋದ. ಮುಗೀತು, ದುಡ್ಡಿಗೆ ಹೋದ ಅಂದರು ಜನ. ಅದೇ ಬೇಸಿಗೆಯಲ್ಲಿ ಬೆಲ್ಜಿಯಂನ ವಿರ್ಟನ್ ಅನ್ನೋ ಸಣ್ಣ ಕ್ಲಬ್ ಒಂದನ್ನ ಕೊಂಡ. ಸಣ್ಣ ಕ್ಲಬ್‌ಗಳಲ್ಲಿ ಯಾರು ಕಾಣದೆ ಉಳೀತಾರೆ ಅಂತ ಅವನಿಗೆ ಗೊತ್ತು.

2024, ಯೂರೋ ಕಪ್. ವಯಸ್ಸು 33. ಎರಡು ವರ್ಷ ದೇಶದ ತಂಡದಿಂದ ಹೊರಗಿದ್ದವನನ್ನ ದೆಶಾಂ ವಾಪಸ್ ಕರೆದರು. ಹುಬ್ಬೇರಿಸಿದವರೇ ಹೆಚ್ಚು. ಮೊದಲ ಪಂದ್ಯ ಆಸ್ಟ್ರಿಯಾ, ಪಂದ್ಯಶ್ರೇಷ್ಠ ಕಾಂಟೆ. ಎರಡನೇ ಪಂದ್ಯ ನೆದರ್ಲೆಂಡ್ಸ್, ಪಂದ್ಯಶ್ರೇಷ್ಠ ಮತ್ತೆ ಕಾಂಟೆ. ಫ್ರಾನ್ಸ್ ಸೆಮಿಫೈನಲ್‌ನಲ್ಲಿ ಸ್ಪೇನ್‌ಗೆ ಸೋತಿತು. 2025ರಲ್ಲಿ ಅಲ್-ಇತ್ತಿಹಾದ್ ಸೌದಿ ಲೀಗ್ ಗೆದ್ದಿತು. ಹೋದಲ್ಲೆಲ್ಲಾ ಕಪ್, ಮತ್ತೆ ಅದೇ ಕಥೆ.

ಮೊದಲ ಪೋಸ್ಟ್‌ನಲ್ಲಿ ಬಿಟ್ಟುಹೋದ ಎಂಟ್ರಿ ಹುಡುಕೋಣ ಅಂದಿದ್ದೆ. ಸಿಕ್ಕಿದ್ದು ಇಷ್ಟು. ಲೆಕ್ಕಕ್ಕಿಲ್ಲ ಅಂದ್ರೆ ಬೆಲೆ ಇಲ್ಲ ಅಂತಲ್ಲ, ಲೆಕ್ಕ ಬರೆಯೋರ ಹತ್ರ ಆ ಕಾಲಂ ಇಲ್ಲ ಅಂತ. ಹಾಗಂತ ಕಾಲಂ ಇಲ್ಲದ ಕೆಲಸವನ್ನ ಹೊಗಳಿ ಸುಮ್ಮನಾಗೋದೂ ಮೋಸವೇ. ದೇಶದ ಜಿಡಿಪಿ ಲೆಕ್ಕದಲ್ಲಿ ಹೋಟೆಲ್ ಅಡುಗೆ ಇದೆ, ನಮ್ಮಮ್ಮಂದಿರ ಅಡುಗೆ ಇಲ್ಲ ಅಂತ ಎಕನಾಮಿಕ್ಸ್‌ನಲ್ಲಿ ಓದಿದ್ದೀವಿ. ಓದಿ ಎರಡು ಮಾರ್ಕ್ಸ್ ತಗೊಂಡು ಮರೆತಿದ್ದೀವಿ. ನಾಲ್ಕು ಜನರ ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಪ್ರೆಸೆಂಟೇಷನ್ ಕೊಟ್ಟವನಿಗೆ ಚಪ್ಪಾಳೆ, ರಾತ್ರಿ ಕೂತು ಡೇಟಾ ತುಂಬಿದವಳಿಗೆ ಥ್ಯಾಂಕ್ಸ್ ಕೂಡ ಇಲ್ಲ. ಇನ್ನೆರಡು ವರ್ಷಕ್ಕೆ ನಾವೇ ಯಾವುದೋ ಆಫೀಸಲ್ಲಿ ಲೆಕ್ಕ ಬರೆಯೋರು. ಯಾವ ಕಾಲಂ ಇರಬೇಕು ಅಂತ ಹೇಳೋ ಕುರ್ಚೀಲಿ ನಮ್ಮಲ್ಲೇ ಕೆಲವರು ಕೂತಿರ್ತೀವಿ.

ಒಂದು ಕೆಲಸ ಮಾಡಿ. ನಿಮ್ಮ ಕ್ಲಾಸಲ್ಲಿ, ಮನೇಲಿ, ತಂಡದಲ್ಲಿ ಒಬ್ಬರು ಒಂದು ವಾರ ಇಲ್ಲ ಅಂದ್ರೆ ಎಲ್ಲಾ ಕುಸಿದುಬೀಳುತ್ತೆ, ಆದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಂಥವರು ಯಾರು ಅಂತ ಯೋಚಿಸಿ. ಕಾಮೆಂಟಲ್ಲಿ ಟ್ಯಾಗ್ ಮಾಡಿ. ಟ್ಯಾಗ್ ಮಾಡಿ ಬಿಡಬೇಡಿ, ನಾಳೆ ಎದುರು ಸಿಕ್ಕಾಗ ಹೇಳಿ. ಅವರಿಗೆ ಕೊಡಬೇಕಾದ್ದು ಏನಾದ್ರೂ ಬಾಕಿ ಇದ್ರೆ, ಅದನ್ನೂ ಕೊಟ್ಟುಬಿಡಿ.

ಮುಂದಿನ ಸರಣಿ ಯಾರ ಬಗ್ಗೆ ಬೇಕು ಅಂತ ಪೋಲ್ ಹಾಕ್ತೀನಿ, ಸ್ಟೋರಿ ನೋಡಿ.

#ಕಾಂಟೆ #ಆಟಕ್ಕುಂಟುಲೆಕ್ಕಕ್ಕಿಲ್ಲ #ಫುಟ್‌ಬಾಲ್‌ಇತಿಹಾಸ #ಬಿಕಾಂಬಳಗ